ಡಿಸ್ಕು ಅಲ್ಲೇ ಇದೆ, ಅಕ್ಷರ ಬದಲಾಗಿದೆ!

ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರು. ಆದರೂ ಮನೆ ಬದಲಿಸುವಾಗ ಏಟು ಬಿದ್ದೀತೆಂದು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿ ಕೈಚೀಲದಲ್ಲಿ ಒಯ್ಯುವವರಿದ್ದಾರೆ. ಹೊಸ ಮನೆಯಲ್ಲಿ ಮತ್ತೆ ಜೋಡಿಸಿ, ಮಗಳ ಕಾಲೇಜಿಗೆ ಬೇಕಾದ ಸಾಫ್ಟ್‌ವೇರ್ ಹಾಕಹೊರಟರೆ ‘ಎರರ್ 1327, ಇನ್‌ವ್ಯಾಲಿಡ್ ಡ್ರೈವ್ ಡಿ’ ಅಂತ ಬರುತ್ತದೆ. ‘ಫಾರ್ಮ್ಯಾಟ್ ಹೊಡೆಸಿಬಿಡ್ರಿ’ ಎನ್ನುವವರು ಪಕ್ಕದಲ್ಲೇ ಇರುತ್ತಾರೆ. ಹೊಡೆಸಬೇಡಿ! ಮದುವೆ ಫೋಟೊ, ಮಕ್ಕಳ ವಿಡಿಯೊ ಎಲ್ಲ ಅದರಲ್ಲೇ ಇರುತ್ತವೆ.

ಹಿಂದೆ ಯಾವಾಗಲೋ ‘ಡಾಕ್ಯುಮೆಂಟ್ಸ್’ ಫೋಲ್ಡರನ್ನು ಡಿ ಡ್ರೈವಿಗೆ ಸಾಗಿಸಿದ್ದರೆ ವಿಂಡೋಸ್ ಆ ವಿಳಾಸ ನೆನಪಿಟ್ಟಿರುತ್ತದೆ. ಡಿಸ್ಕ್ ಬಿಚ್ಚಿಟ್ಟಿದ್ದಾಗ ಚುಚ್ಚಿದ ಪೆನ್‌ಡ್ರೈವ್ ‘ಡಿ’ ಅಕ್ಷರ ಹಿಡಿದರೆ, ಬಸ್ಸಿನಲ್ಲಿ ಕರ್ಚೀಫ್ ಹಾಕಿದ ಸೀಟಿನ ಕಥೆಯೇ! ವಾಪಸ್ ಬಂದ ನಿಮ್ಮ ಡಿಸ್ಕಿಗೆ ‘ಎಫ್’ ಸಿಗುತ್ತದೆ. ಪೆನ್‌ಡ್ರೈವ್ ತೆಗೆದ ಮೇಲೆ ಡಿ ಎಂಬುದೇ ಇಲ್ಲ, ಇನ್‌ಸ್ಟಾಲರ್ ಮಾತ್ರ ಅಲ್ಲೇ ಹುಡುಕುತ್ತದೆ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಆ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಚೇಂಜ್ ಡ್ರೈವ್ ಲೆಟರ್’ನಲ್ಲಿ ಹಳೆಯ ಡಿ ಕೊಟ್ಟು ರೀಸ್ಟಾರ್ಟ್ ಮಾಡಿ. ಸಿ ಡ್ರೈವಿನ ತಂಟೆ ಬೇಡ. ಆಮೇಲೆ ಸಾಫ್ಟ್‌ವೇರ್ ಮತ್ತೆ ಹಾಕಿ ನೋಡಿ.

ಡಿಸ್ಕೇ ಕಾಣದಿದ್ದರೆ ಪ್ಲಗ್ ಕಿತ್ತು, ಕರೆಂಟಿನ ಕೇಬಲ್, ಡೇಟಾ ಕೇಬಲ್ ಎರಡನ್ನೂ ಸರಿಯಾಗಿ ಕೂರಿಸಿ. ‘ಇನಿಷಿಯಲೈಸ್ ಡಿಸ್ಕ್’ ಎಂದು ಕೇಳಿದರೆ ಮಾತ್ರ ಓಕೆ ಒತ್ತಲೇಬೇಡಿ. ರಿಪೇರಿ ಅಂಗಡಿಗೆ ಒಯ್ದು, ‘ಮೊದಲು ಡೇಟಾ ತೆಗೀರಿ, ಉಳಿದದ್ದು ಆಮೇಲೆ’ ಅಂತ ಹೇಳಿಯೇ ಕೊಡಿ.