ಪೂರ್ವ ಹಾಗೂ ಆಗ್ನೇಯ ಏಷ್ಯಾ ರಾಷ್ಟ್ರಗಳಿಗೆ ಊದುಬತ್ತಿ ರಫ್ತು: ಮೂಲ ಪ್ರಮಾಣಪತ್ರದ ಅಗತ್ಯ

ಭಾರತವು ಆಸಿಯಾನ್ ರಾಷ್ಟ್ರಗಳೊಂದಿಗೆ ಮಾಡಿಕೊಂಡ ಸರಕು ವ್ಯಾಪಾರ ಒಪ್ಪಂದವು 2010ರ ಜನವರಿ 1ರಿಂದ ಹಂತಹಂತವಾಗಿ ಜಾರಿಗೆ ಬಂದಿತು. ದಕ್ಷಿಣ ಕೊರಿಯಾದೊಂದಿಗಿನ ಒಪ್ಪಂದವು ಅದೇ ದಿನದಿಂದಲೂ ಜಪಾನಿನೊಂದಿಗಿನ ಒಪ್ಪಂದವು 2011ರ ಆಗಸ್ಟ್ 1ರಿಂದಲೂ ಜಾರಿಯಾದವು. ಇವುಗಳಲ್ಲಿನ ಸುಂಕ ರಿಯಾಯಿತಿಯು ತಾನಾಗಿ ದೊರೆಯುವುದಿಲ್ಲ. ಸರಕು ಭಾರತದಲ್ಲಿಯೇ ತಯಾರಾದುದೆಂದು ಮೂಲ ಪ್ರಮಾಣಪತ್ರದಿಂದ ರುಜುವಾತುಪಡಿಸಬೇಕಾಗುತ್ತದೆ.

ಮೂಲವನ್ನು ನಿರ್ಧರಿಸುವ ಬಗೆ

ಉದಾಹರಣೆಗೆ, ಮೈಸೂರಿನ ಕುಂಬಾರಕೊಪ್ಪಲಿನ ಘಟಕವೊಂದು ಮಲೇಷ್ಯಾಕ್ಕೆ ಊದುಬತ್ತಿ ಕಳುಹಿಸುತ್ತದೆ ಎಂದು ಭಾವಿಸಬಹುದು. ಆಸಿಯಾನ್ ಒಪ್ಪಂದದ ಸಾಮಾನ್ಯ ನಿಯಮದಂತೆ, ಸರಕಿನ ರಫ್ತು ಮೌಲ್ಯದಲ್ಲಿ ಕನಿಷ್ಠ ಶೇ. 35ರಷ್ಟು ಒಪ್ಪಂದದ ರಾಷ್ಟ್ರಗಳದ್ದಾಗಿರಬೇಕು. ಹೊರಗಿನ ಕಚ್ಚಾ ಸಾಮಗ್ರಿಯ ಸುಂಕ ವರ್ಗವೂ ತಯಾರಿಕೆಯಲ್ಲಿ ಬದಲಾಗಿರಬೇಕು. ವಿಯೆಟ್ನಾಂನಲ್ಲಿಯೇ ತಯಾರಾದ ಬಿದಿರುಕಡ್ಡಿಯನ್ನು, ಸೂಕ್ತ ದಾಖಲೆಯಿದ್ದಲ್ಲಿ, ಭಾರತದ್ದೆಂದೇ ಲೆಕ್ಕಹಾಕಲು ಅವಕಾಶವಿದೆ. ಚೀನಾದ ಕಡ್ಡಿಗೆ ಈ ಅವಕಾಶವಿಲ್ಲ. ಅದೇ ಊದುಬತ್ತಿಯನ್ನು ಜಪಾನಿಗೆ ಕಳುಹಿಸುವಾಗ ವಿಯೆಟ್ನಾಂನ ಕಡ್ಡಿಯೂ ಹೊರಗಿನದಾಗುತ್ತದೆ, ಏಕೆಂದರೆ ಆ ಒಪ್ಪಂದವು ಎರಡು ರಾಷ್ಟ್ರಗಳಿಗಷ್ಟೇ ಸೀಮಿತವಾದುದು.

ಪ್ರಾದೇಶಿಕ ಸಮಗ್ರ ಆರ್ಥಿಕ ಸಹಭಾಗಿತ್ವ

ಚೀನಾ, ಜಪಾನ್, ದಕ್ಷಿಣ ಕೊರಿಯಾ ಮತ್ತು ಆಸಿಯಾನ್ ರಾಷ್ಟ್ರಗಳು ಸೇರಿದಂತೆ 15 ರಾಷ್ಟ್ರಗಳ ಈ ಒಪ್ಪಂದವು 2022ರ ಜನವರಿ 1ರಂದು ಜಾರಿಗೆ ಬಂದಿತು. ಇದರಡಿ ಚೀನಾದ ಸಾಮಗ್ರಿಯಿಂದ ವಿಯೆಟ್ನಾಂನಲ್ಲಿ ತಯಾರಾದ ವಸ್ತುವಿಗೂ ಜಪಾನಿನಲ್ಲಿ ರಿಯಾಯಿತಿ ದೊರೆಯಬಹುದು. ಅಗ್ಗದ ಆಮದಿನಿಂದ ದೇಶೀಯ ಉತ್ಪಾದಕರಿಗೆ ಧಕ್ಕೆಯಾಗಬಹುದೆಂಬ ಆತಂಕದ ನಡುವೆ ಭಾರತವು 2019ರ ನವೆಂಬರಿನಲ್ಲಿ ಮಾತುಕತೆಯಿಂದ ಹಿಂದೆ ಸರಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ಊದುಬತ್ತಿ ಆಮದನ್ನು ನಿರ್ಬಂಧಿಸಲಾಯಿತು. 2020ರ ಜೂನ್‌ನಲ್ಲಿ ಬಿದಿರುಕಡ್ಡಿಯ ಆಮದು ಸುಂಕವನ್ನು ಶೇ. 10ರಿಂದ ಶೇ. 25ಕ್ಕೆ ಏರಿಸಲಾಯಿತು. ಇದು ದೇಶೀಯ ಕಡ್ಡಿ ತಯಾರಕರಿಗೆ ರಕ್ಷಣೆಯಾದರೆ, ಆಮದು ಕಡ್ಡಿಯನ್ನು ನೆಚ್ಚಿದ ಘಟಕಗಳಿಗೆ ಹೆಚ್ಚಿನ ವೆಚ್ಚವಾಯಿತು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಸಂಕೇತ ಸಂಖ್ಯೆಯನ್ನು ಪಡೆದಿರಬೇಕು. ಅದರ ವಿವರಗಳನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ದೃಢೀಕರಿಸತಕ್ಕದ್ದು.

2. ಕಡ್ಡಿ, ಸುಗಂಧ ತೈಲ ಮೊದಲಾದ ಸಾಮಗ್ರಿಗಳ ಖರೀದಿ ರಸೀದಿಗಳನ್ನು, ತಯಾರಿಕಾ ದೇಶದ ವಿವರ ಸಹಿತ, ಕಾಯ್ದಿರಿಸಬೇಕು.

3. ಮೂಲ ಪ್ರಮಾಣಪತ್ರಕ್ಕೆ ಆನ್‌ಲೈನ್ ಮೂಲಕ, ಸಾಧ್ಯವಾದಷ್ಟೂ ಸರಕು ಸಾಗಣೆಗೆ ಮುನ್ನವೇ, ಅರ್ಜಿ ಸಲ್ಲಿಸುವುದು ಸೂಕ್ತ.

4. 'ಮೈಸೂರು ಅಗರಬತ್ತಿ'ಗೆ ದೊರೆತಿರುವ ಭೌಗೋಳಿಕ ಸೂಚಕ ಮಾನ್ಯತೆಯು ಹೆಸರಿಗೆ ರಕ್ಷಣೆಯೇ ಹೊರತು ಮೂಲ ಪ್ರಮಾಣಪತ್ರಕ್ಕೆ ಬದಲಿಯಲ್ಲ.

ಪ್ರಮಾಣಪತ್ರವಿಲ್ಲದ ಸರಕಿಗೆ ಅಲ್ಲಿನ ಖರೀದಿದಾರರು ಸಾಮಾನ್ಯ ದರದ ಸುಂಕ ತೆರಬೇಕಾಗುತ್ತದೆ. ಸಣ್ಣ ಘಟಕವು ಮುಂದಿನ ಬೇಡಿಕೆಯನ್ನು ಕಳೆದುಕೊಳ್ಳಲು ಇದೊಂದೇ ಕಾರಣ ಸಾಕಾಗಬಹುದು.