ಕಿಟಕಿಗೆ ಮರೆಯೂ ಬೇಕು, ಬೆಳಕೂ ಬೇಕು: ಗಾಜಿನ ಫಿಲ್ಮ್ ಅಂಟಿಸುವ ಮೊದಲು



ಕಳೆದ ರಾಜ್ಯೋತ್ಸವದ ದಿನ ನಮ್ಮಿಂದ ಒಂದು ತಪ್ಪಾಯಿತು. ಹೆಣ್ಣುಮಕ್ಕಳು ವೇಷ ಬದಲಿಸುವ ಕೋಣೆಯ ಕಿಟಕಿಗೆ ಪ್ರತಿ ವರ್ಷ ಹಳೆಯ ಪತ್ರಿಕೆ ಅಂಟಿಸುತ್ತಿದ್ದೆವು. ಈ ಸಲ ಅಂಗಡಿಯಿಂದ ಕನ್ನಡಿಯಂತೆ ಹೊಳೆಯುವ ಫಿಲ್ಮ್ ತಂದು ಹಾಕಿದೆವು. ಮಧ್ಯಾಹ್ನ ಹೊರಗೆ ನಿಂತು ನೋಡಿದರೆ ನಮ್ಮ ಮುಖವೇ ಕಾಣುತ್ತಿತ್ತು, ನೆಮ್ಮದಿಯಾಯಿತು. ಸಂಜೆ ಒಳಗೆ ದೀಪ ಹಾಕಿದ ಮೇಲೆ ಒಬ್ಬ ಹುಡುಗಿಯ ತಾಯಿ ಅಂಗಳದಿಂದ ಓಡಿ ಬಂದು, "ಎಲ್ಲ ಹೊರಗೆ ಕಾಣುತ್ತಿದೆ" ಎಂದರು. ಕೂಡಲೇ ಜಮಖಾನೆ ಕಟ್ಟಿದೆವು. ಆ ಮಕ್ಕಳಲ್ಲೂ ಮನೆಯವರಲ್ಲೂ ಕ್ಷಮೆ ಕೇಳಿದ್ದೇವೆ. ಆಮೇಲೆ ಹಲವು ಸದಸ್ಯರು "ನಮ್ಮ ಮನೆಗೂ ಅದೇ ಹಾಕಿಸಿದ್ದೇವಲ್ಲ" ಎಂದು ಕೇಳತೊಡಗಿದ್ದರಿಂದ ಇದನ್ನು ಬರೆಯುತ್ತಿದ್ದೇವೆ.

ಕನ್ನಡಿ ಫಿಲ್ಮಿನ ಗುಟ್ಟು ಇಷ್ಟೇ: ಯಾವ ಬದಿಯಲ್ಲಿ ಬೆಳಕು ಹೆಚ್ಚೋ ಆ ಬದಿಗೆ ಅದು ಕನ್ನಡಿ, ಕತ್ತಲಿರುವ ಬದಿಗೆ ಗಾಜು. ಹಗಲು ಹೊರಗೆ ಬಿಸಿಲಿರುವುದರಿಂದ ಬೀದಿಯವರಿಗೆ ಒಳಗೆ ಕಾಣುವುದಿಲ್ಲ. ರಾತ್ರಿ ಒಳಗೆ ದೀಪ ಹೊತ್ತಿಸಿದರೆ ಎಲ್ಲವೂ ತಿರುಗುಮುರುಗು. ಒಳಗಿರುವವರಿಗೆ ಮಾತ್ರ ತಮ್ಮದೇ ಮುಖ ಕಾಣುವುದರಿಂದ ಮೋಸ ಗೊತ್ತೂ ಆಗುವುದಿಲ್ಲ. ಮಲಗುವ ಕೋಣೆಗೆ ಇದನ್ನೇ ಹಾಕಿಸಿದ್ದರೆ ಪರದೆಯನ್ನು ತೆಗೆಯಬೇಡಿ.

ಹಗಲು ರಾತ್ರಿ ಎರಡಕ್ಕೂ ಆಗುವುದು ಹಾಲುಬಿಳುಪಿನ ಫ್ರಾಸ್ಟೆಡ್ ಫಿಲ್ಮ್. ಅದು ಬೆಳಕನ್ನು ಚದುರಿಸಿ ಒಳಗೆ ಬಿಡುತ್ತದೆ, ಆಕಾರವನ್ನು ಬಿಡುವುದಿಲ್ಲ. ಆದರೆ ಗಾಜಿಗೆ ತಾಗುವಷ್ಟು ಹತ್ತಿರ ನಿಂತರೆ, ದೀಪ ಬೆನ್ನ ಹಿಂದಿದ್ದರೆ, ತೊಗಲುಗೊಂಬೆಯಾಟದ ಹಾಗೆ ನೆರಳು ಬೀಳುತ್ತದೆ. ದೀಪವನ್ನು ಕಿಟಕಿಯ ಕಡೆಯ ಗೋಡೆಗೇ ಹಾಕಿದರೆ ಈ ತೊಂದರೆ ಬಹಳ ಕಡಿಮೆ. ಬಳ್ಳಿ, ಜಾಲರಿ ಚಿತ್ತಾರದವೂ ಸಿಗುತ್ತವೆ. ಚಿತ್ತಾರದ ನಡುವೆ ಬರಿ ಗಾಜಿನ ಕಿಂಡಿ ಉಳಿದಿದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಬಚ್ಚಲುಮನೆಗೆ ಮರಳುಗಾಜು ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಅದರ ಒರಟು ಮೈ ಒಳಗಡೆ ಇದ್ದು ನೀರು ಚಿಮ್ಮಿ ಒದ್ದೆಯಾದರೆ, ಒದ್ದೆಯಾದಷ್ಟು ಜಾಗ ತಿಳಿಯಾಗುತ್ತದೆ. ಒರಟು ಮೈಗೆ ಫಿಲ್ಮ್ ಸರಿಯಾಗಿ ಹಿಡಿಯುವುದೂ ಇಲ್ಲ. ನುಣುಪು ಬದಿ ಯಾವುದೆಂದು ಕೈಯಾಡಿಸಿ ನೋಡಿ ಅಲ್ಲಿಗೇ ಅಂಟಿಸಬೇಕು.

ಬಾಡಿಗೆ ಮನೆಯವರಿಗೆ ಅಂಟಿಲ್ಲದ ಬಗೆ ಒಳ್ಳೆಯದು. ನೀರು ಸಿಂಪಡಿಸಿ ಒತ್ತಿದರೆ ಹಿಡಿಯುತ್ತದೆ, ಮನೆ ಬಿಡುವಾಗ ಸುಲಿದು ಸುರುಳಿ ಸುತ್ತಿ ಒಯ್ಯಬಹುದು. ಹೊಸೂರಿನಂಥ ಊರಲ್ಲಿ ಕೆಲಸಕ್ಕಾಗಿ ಮನೆ ಬದಲಿಸುತ್ತಲೇ ಇರುವವರಿಗೆ ಹೇಳಿ ಮಾಡಿಸಿದಂತಿದೆ. ಕಾಸರಗೋಡಿನ ಮಳೆಗಾಲದಲ್ಲಿ ಮಾತ್ರ ಅಂಚಿನಲ್ಲಿ ನೀರು ನಿಂತು ಕಪ್ಪು ಬೂಷ್ಟು ಕಟ್ಟುವುದುಂಟು; ಆಗಾಗ ಬಿಚ್ಚಿ ಒರೆಸಬೇಕು. ಸೊಲ್ಲಾಪುರ, ಆದೋನಿ ಕಡೆಯ ಬಿಸಿಲಿಗೆ ಇನ್ನೊಂದು ಎಚ್ಚರ: ಪಶ್ಚಿಮದ ಕಿಟಕಿಗೆ ಕಡುಗಪ್ಪು ಫಿಲ್ಮ್ ಬೇಡ. ಅದು ಬಿಸಿಲನ್ನು ಹೀರಿ ಗಾಜನ್ನೇ ಕಾಯಿಸುತ್ತದೆ. ಅರ್ಧ ಬಿಸಿಲು, ಅರ್ಧ ನೆರಳು ಬೀಳುವ ಗಾಜು ಹೀಗೆ ಕಾದರೆ ಬಿರುಕು ಬಿಡಬಹುದು. ತಂತಿ ಹೆಣೆದ ಗಾಜಿಗಂತೂ ಬೇಡವೇ ಬೇಡ.

ಅಂಟಿಸುವುದು ಕಷ್ಟವಲ್ಲ, ಅವಸರ ಕೂಡದು. ಗಾಳಿ ಬೀಸದ, ಬಿಸಿಲು ನೇರ ಬೀಳದ ಹೊತ್ತು ಆರಿಸಿ. ಗಾಜನ್ನು ಸೋಪುನೀರಿನಿಂದ ಎರಡು ಸಲ ತೊಳೆಯಿರಿ. ಒಂದು ಮರಳುಕಣ ಉಳಿದರೂ ಗುಳ್ಳೆಯಾಗಿ ಕಾಣುತ್ತದೆ. ಒಂದೆರಡು ಹನಿ ಸೋಪು ಬೆರೆಸಿದ ನೀರನ್ನು ಗಾಜಿಗೆ ಧಾರಾಳವಾಗಿ ಸಿಂಪಡಿಸಿ, ಫಿಲ್ಮಿನ ಹಿಂದಿನ ಹಾಳೆ ಸುಲಿದು ಕೂರಿಸಿ. ನೀರಿರುವಷ್ಟು ಹೊತ್ತು ಅದನ್ನು ಜರುಗಿಸಬಹುದು. ಆಮೇಲೆ ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ತಳ್ಳಿ. ಅಂಚಿನಲ್ಲಿ 1–2 ಮಿಲಿಮೀಟರ್ ಬಿಟ್ಟು ಕತ್ತರಿಸಿ, ಚೌಕಟ್ಟಿಗೆ ತಾಗಿದರೆ ಅಲ್ಲಿಂದಲೇ ಏಳಲು ಶುರು. ಕೆಲವು ದಿನ ಮಬ್ಬಾಗಿ ಕಂಡರೆ ಗಾಬರಿ ಬೇಡ, ಒಳಗಿನ ನೀರು ಆರಬೇಕು. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಬಳಸಬೇಡಿ.

ಇಷ್ಟಾದರೂ ಕಿಟಕಿ ತೆರೆದರೆ ಫಿಲ್ಮಿನ ಮರೆ ಹೋಯಿತು. ಗಾಳಿಯಿಲ್ಲದೆ ನಮ್ಮ ಮನೆಗಳು ನಡೆಯುವುದಿಲ್ಲ. ಹಳೆಯ ಮನೆಗಳ ನಾಲ್ಕು ಬಾಗಿಲಿನ ಕಿಟಕಿ ನೆನಪಿದೆಯೇ? ಕೆಳಗಿನ ಎರಡು ಮುಚ್ಚಿ ಮೇಲಿನ ಎರಡು ತೆರೆದಿಡುತ್ತಿದ್ದರು. ಹೊಸ ಕಿಟಕಿ ಮಾಡಿಸುವವರು ಹಾಗೆ ಮೇಲೆ ಕೆಳಗೆ ಬೇರೆಯಾಗಿ ಮಾಡಿಸಿ, ಕೆಳಗಿನದಕ್ಕಷ್ಟೇ ಫಿಲ್ಮ್ ಹಾಕಿಸಿದರೆ ಖರ್ಚೂ ಅರ್ಧ.

ಸಂಘದ ಕೋಣೆಗೆ ಈಗ ಫ್ರಾಸ್ಟೆಡ್ ಹಾಕಿದ್ದೇವೆ. ರಾತ್ರಿ ದೀಪ ಹಾಕಿ, ಒಬ್ಬರನ್ನು ಒಳಗೆ ನಿಲ್ಲಿಸಿ, ನಾವು ನಾಲ್ವರು ಬೀದಿಯಿಂದ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಜಮಖಾನೆ ಬಿಚ್ಚಿದ್ದು. ಉಳಿದ ತುಂಡುಗಳಲ್ಲಿ ಮಕ್ಕಳು ಅ ಆ ಇ ಈ ಕತ್ತರಿಸಿ ವಾಚನಾಲಯದ ಗಾಜಿಗೆ ಅಂಟಿಸಿದ್ದಾರೆ. "ಈ" ಮಾತ್ರ ತಲೆಕೆಳಗಾಗಿದೆ. ಅವರೇ ಸರಿಪಡಿಸಲಿ ಎಂದು ಬಿಟ್ಟಿದ್ದೇವೆ.