ಚಿರೆಕಲ್ಲಿನ ಗೋಡೆಯೂ ವೈ-ಫೈ ಅಲೆಯೂ

ಭಟ್ಕಳಕ್ಕೆ ಹೊಂದಿಕೊಂಡಿರುವ ಜಾಲಿಯಲ್ಲಿ, ಕರಾವಳಿಯ ಇತರ ಊರುಗಳಲ್ಲಿರುವಂತೆಯೇ, ಚಿರೆಕಲ್ಲಿನ ಮನೆಗಳುಂಟು. ಅಂತಹ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ಫೈಬರ್ ತಂತಿಯು ಒಳಹೊಗುವ ಜಗಲಿಯ ಮೂಲೆಯಲ್ಲಿಯೇ ರೌಟರ್ ಪೆಟ್ಟಿಗೆಯನ್ನೂ ಇರಿಸಿದ್ದಾರೆ. ಜಗಲಿಯಲ್ಲಿ ಕುಳಿತವರಿಗೆ ಚಲನಚಿತ್ರವು ತಡೆಯಿಲ್ಲದೆ ಕಾಣುತ್ತದೆ. ಎರಡು ಗೋಡೆಗಳಾಚೆ ಪಾಠದ ವೀಡಿಯೊ ನೋಡುತ್ತಿರುವ ವಿದ್ಯಾರ್ಥಿನಿಗೆ ಅದು ನಿಂತು ನಿಂತು ಬರುತ್ತದೆ. ಅಡಿಗೆಮನೆಯಲ್ಲಿ ಫೋನು ಹಿಡಿದ ತಾಯಿಗೆ ಗಲ್ಫಿನಲ್ಲಿರುವ ಮಗನ ಮುಖವು ಚೂರುಚೂರಾಗಿ ತೋರುತ್ತದೆ. ಆಗ ಮನೆಯವರು ಇನ್ನೂ ಹೆಚ್ಚು ವೇಗದ ಸಂಪರ್ಕವನ್ನು ಕೊಳ್ಳಲು ಹೊರಡುವುದುಂಟು. ಇಂತಹ ಮನೆಯಲ್ಲಿ ಆ ಹಣವು ಬಹುಮಟ್ಟಿಗೆ ವ್ಯರ್ಥ.

ಲೆಕ್ಕವನ್ನು ನೋಡಿರಿ. ಸ್ಫುಟವಾದ 1080 ಗೆರೆಗಳ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಾಕು. 4ಕೆ ಚಿತ್ರಕ್ಕೆ 15ರಿಂದ 25 ಬೇಕು. ಫೈಬರ್ ತಂತಿಯು ಇದನ್ನು ಸುಲಭವಾಗಿ ತರಬಲ್ಲುದು. ಕೊರತೆಯು ಹುಟ್ಟುವುದು ತಂತಿಯು ಮುಗಿದ ಮೇಲೆ. ಹಂಡೆಯಲ್ಲಿ ನೀರು ತುಂಬಿಡುವಂತೆ, ಫೋನು ಚಿತ್ರದ ಮುಂದಿನ ಭಾಗವನ್ನು ಸ್ವಲ್ಪ ಕೂಡಿಟ್ಟುಕೊಳ್ಳುತ್ತದೆ. ಆದುದರಿಂದ ಪಾಠವು ಅಲ್ಪಕಾಲದ ಅಡ್ಡಿಯನ್ನು ತಾಳೀತು. ಆದರೆ ಮಗನು ಇನ್ನೂ ಆಡದ ಮಾತನ್ನು ಕೂಡಿಡುವುದೆಂತು? ಮುಖಾಮುಖಿ ಕರೆಯೇ ಮೊದಲು ಕೆಡುವುದಕ್ಕೆ ಇದೇ ಕಾರಣ.

ರೌಟರು ಮಾತನಾಡುವುದು ರೇಡಿಯೋ ಅಲೆಗಳ ಮೂಲಕ. ಸಾಮಾನ್ಯವಾಗಿ ಅದಕ್ಕೆ ಎರಡು ಪಟ್ಟಿಗಳು: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆಯುದ್ದ ಸುಮಾರು 12.5 ಸೆಂಟಿಮೀಟರ್, ಎರಡನೆಯದರದು 5ರಿಂದ 6. ಇವುಗಳಿಗಿಂತಲೂ ಗಿಡ್ಡನೆಯ ಅಲೆಗಳನ್ನು ಜಗದೀಶಚಂದ್ರ ಬೋಸರು 1890ರ ದಶಕದಲ್ಲಿಯೇ ಉತ್ಪಾದಿಸಿದ್ದರು. 1895ರಲ್ಲಿ ಕಲ್ಕತ್ತೆಯಲ್ಲಿ ಅಲೆಯನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆಯನ್ನು ಬಾರಿಸಿದರು. ಗೋಡೆಯನ್ನು ಅಲೆಯು ದಾಟುವುದೇನೋ ನಿಜ, ಆದರೆ ಸುಂಕ ತೆರದೆ ದಾಟುವುದಿಲ್ಲ.

ಚಿರೆಕಲ್ಲಿನ ಸುಂಕ ಎಷ್ಟು? ಶಾಸ್ತ್ರಗ್ರಂಥಗಳು ಈ ಕಲ್ಲನ್ನು ಜಂಬಿಟ್ಟಿಗೆ ಎನ್ನುತ್ತವೆ. ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿತ್ತವನು ಫ್ರಾನ್ಸಿಸ್ ಬುಕಾನನ್. ಅವನ ಗ್ರಂಥ ಅಚ್ಚಾದುದು 1807ರಲ್ಲಿ. ಕಲ್ಲಿನ ಕೆಂಪಿಗೆ ಕಬ್ಬಿಣದ ಆಕ್ಸೈಡು ಕಾರಣವಾದುದರಿಂದ, ಅದೇ ಅಲೆಯನ್ನು ತಡೆಯುತ್ತದೆಂದು ವಿದ್ಯಾರ್ಥಿಗಳು ಕೂಡಲೆ ಊಹಿಸುತ್ತಾರೆ. ಆಕ್ಸೈಡು ಲೋಹದ ಹಾಳೆಯಂತೆ ವರ್ತಿಸುವುದಿಲ್ಲ. ಗೋಡೆಯ ದಪ್ಪ ಒಂದು ಕಾರಣ; ಕಲ್ಲಿನ ರಂಧ್ರಗಳಲ್ಲಿ ಮಳೆಗಾಲದುದ್ದಕ್ಕೂ ನಿಲ್ಲುವ ನೀರು ಇನ್ನೊಂದು. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ಋಣ. ಅಲೆಯು ಹಾಯುವಾಗ ಅಣುಗಳು ಅತ್ತಿತ್ತ ತಿರುಗಲೆಳಸಿ ಅದರ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತವೆ. ಈ ನಷ್ಟವು 2.4ಕ್ಕಿಂತ 5 ಗಿಗಾಹರ್ಟ್ಸಿನಲ್ಲಿ ಹೆಚ್ಚು.

ಇದನ್ನು ನೀವೇ ಅಳೆಯಬಹುದು. ಅಲೆಯ ಬಲವನ್ನು ತೋರಿಸುವ ಉಚಿತ ಆ್ಯಪ್‌ಗಳಿವೆ. ಅವು ಬಲವನ್ನು ಡಿಬಿಎಂ ಎಂಬ ಮಾನದಲ್ಲಿ, ಋಣಸಂಖ್ಯೆಯಾಗಿ ಕೊಡುತ್ತವೆ. ಗೋಡೆಯ ಈಚೆ −55, ಆಚೆ −70 ಬಂದಿತೆನ್ನಿ. ವ್ಯತ್ಯಾಸ 15 ಡೆಸಿಬೆಲ್. ಪ್ರತಿ 10 ಡೆಸಿಬೆಲ್ಲಿಗೆ ಶಕ್ತಿಯು ಹತ್ತನೆಯ ಒಂದು ಪಾಲಿಗಿಳಿಯುವುದರಿಂದ, ಆ ಒಂದೇ ಗೋಡೆಯು ಮೂವತ್ತರಲ್ಲಿ ಒಂದು ಪಾಲನ್ನು ಮಾತ್ರ ಬಿಟ್ಟುಕೊಟ್ಟಿತು. ಚಲನಚಿತ್ರಕ್ಕೆ ಸುಮಾರು −67 ಅಥವಾ ಅದಕ್ಕಿಂತ ಉತ್ತಮವಾದ ಬಲವಿರಬೇಕು. ಕೊಠಡಿ ಕೊಠಡಿಗೆ ಹೋಗಿ ಅಳೆದು ಮನೆಯ ನಕ್ಷೆಯ ಮೇಲೆ ಬರೆದಿಡಿರಿ. ಅಂಗಡಿಗೆ ಹೋಗುವುದು ಆಮೇಲೆ.

ಎಷ್ಟೋ ವೇಳೆ ಏನನ್ನೂ ಕೊಳ್ಳಬೇಕಾಗುವುದಿಲ್ಲ. ರೌಟರನ್ನು ಮನೆಯ ನಡುಭಾಗಕ್ಕೆ, ಆಳೆತ್ತರಕ್ಕೆ ತಂದರೆ ಸಾಕು. ಕಬ್ಬಿಣದ ಕಪಾಟು, ನಿಲುವುಗನ್ನಡಿಗಳ ಮರೆ ಮಾತ್ರ ಕೂಡದು. ಅದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸಿನ ಪಟ್ಟಿ ಲೇಸು, ಗೋಡೆಯಾಚೆಗೆ 2.4. ಆದರೆ ಈ ಎರಡನೆಯದರಲ್ಲಿ ನೆರೆಮನೆಗಳ ಗದ್ದಲವೂ ಸೇರುತ್ತದೆ, ಏಕೆಂದರೆ ಒಂದರ ಮೇಲೊಂದು ಬೀಳದ ದಾರಿಗಳು ಅಲ್ಲಿ ಮೂರೇ.

ಇಷ್ಟಾದರೂ ಹಿಂದಿನ ಕೋಣೆಗೆ ಅಲೆಯು ತಲಪದಿದ್ದರೆ ಎರಡನೆಯ ಪೆಟ್ಟಿಗೆ ಬೇಕು. ಅಗ್ಗದ ರಿಪೀಟರು ಕೇಳಿದುದನ್ನು ಅದೇ ದಾರಿಯಲ್ಲಿ ಮತ್ತೆ ಉಚ್ಚರಿಸಬೇಕಾದುದರಿಂದ ವೇಗವು ಸುಮಾರು ಅರ್ಧಕ್ಕಿಳಿಯುತ್ತದೆ. ನನ್ನ ಮತ ಕೇಳಿದರೆ, ಎರಡನೆಯ ಪೆಟ್ಟಿಗೆಯನ್ನು ಮೊದಲನೆಯದಕ್ಕೆ ಈಥರ್ನೆಟ್ ತಂತಿಯಿಂದಲೇ ಸೇರಿಸತಕ್ಕದ್ದು. 100 ಮೀಟರಿನವರೆಗೂ ಅದು ನಡೆಯುತ್ತದೆ. ಕದಲದ ಟೆಲಿವಿಷನ್ನಿಗೂ ತಂತಿಯೇ ಇರಲಿ. ಅದಕ್ಕಾಗಿ ಗೋಡೆಯಲ್ಲಿ ಬೆರಳು ಗಾತ್ರದ ರಂಧ್ರ ಬೇಕು, ಅಷ್ಟೆ. ಚಿರೆಕಲ್ಲನ್ನು ಕೊರೆಯುವುದು ಕರಿಕಲ್ಲನ್ನು ಕೊರೆದಷ್ಟು ಕಷ್ಟವಲ್ಲ. ಬೇಸಗೆಯಲ್ಲಿ ಅಳೆದವರು ಜುಲೈ ತಿಂಗಳಿನಲ್ಲಿ ಮತ್ತೊಮ್ಮೆ ಅಳೆದು ಎರಡು ನಕ್ಷೆಗಳನ್ನೂ ಹೋಲಿಸಿ ನೋಡಿರಿ.